ಡಬಲ್ ಕ್ಯಾಬ್ ಪಿಕಪ್‌ನ ಹಿಂದಿನ ಸೀಟು ಬಿಚ್ಚಿ ಕ್ಯಾಬಿನ್ನಿನೊಳಗೆ ವೈರು ತರುವ ಕ್ರಮ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕೊಯ್ಲಿನ ದಿನಗಳಂದು ಹಣ್ಣು ತೂಗಿ ಚೀಲ ತುಂಬುವಷ್ಟರಲ್ಲಿ ಕತ್ತಲಾಗಿರುತ್ತದೆ. ಆದ್ದರಿಂದ ಇಸುಝು ವಿ-ಕ್ರಾಸ್, ಟೊಯೋಟಾ ಹೈಲಕ್ಸ್, ಮಹೀಂದ್ರ ಕ್ಯಾಂಪರ್‌ನಂಥ ಡಬಲ್ ಕ್ಯಾಬ್ ಪಿಕಪ್ ಇಟ್ಟುಕೊಂಡವರಲ್ಲಿ ಹಲವರು ಹಿಂದಿನ ಬಾಡಿಗೆ, ಅಂದರೆ ಸರಕು ತುಂಬುವ ತೊಟ್ಟಿಗೆ, ಒಂದೆರಡು ಎಲ್‌ಇಡಿ ದೀಪಗಳನ್ನು ಹಾಕಿಸಿಕೊಳ್ಳುತ್ತಾರೆ. ದೀಪ ಹಿಂದೆ, ಸ್ವಿಚ್ಚು ಡ್ಯಾಶ್‌ಬೋರ್ಡಿನಲ್ಲಿ. ನಡುವಿನ ವೈರು ಕ್ಯಾಬಿನ್ನಿನ ಹಿಂಗೋಡೆಯನ್ನು ದಾಟಿಯೇ ಹೋಗಬೇಕು. ಆ ಗೋಡೆ ಹಿಂದಿನ ಸೀಟಿನ ಮರೆಯಲ್ಲಿರುತ್ತದೆ.

ಸೀಟು ಬಿಚ್ಚದೆ ಕಾರ್ಪೆಟ್ಟಿನ ಅಡಿಯಲ್ಲಿ ವೈರು ತೂರಿಸಿಬಿಡುವುದು ಸಾಮಾನ್ಯ ಅಭ್ಯಾಸ. ನನ್ನ ಗಾಡಿಗೂ ಒಂದು ವರ್ಕ್‌ಶಾಪಿನಲ್ಲಿ ಹಾಗೆಯೇ ಮಾಡಿಕೊಟ್ಟಿದ್ದರು. ಎರಡು ತಿಂಗಳ ನಂತರ ದೀಪ ಹಾಕಿದಾಗಲೆಲ್ಲ ಫ್ಯೂಸ್ ಹೋಗತೊಡಗಿತು. ಸೀಟು ಎತ್ತಿ ನೋಡಿದರೆ, ಸೀಟಿನ ಬ್ರಾಕೆಟ್ಟಿನ ಅಂಚು ವೈರಿನ ಮೇಲೆಯೇ ಕುಳಿತು, ಹೊದಿಕೆ ಸೀಳಿ, ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಸುತ್ತಲಿನ ಕಾರ್ಪೆಟ್ಟಿನ ನಾರು ಕಂದುಬಣ್ಣಕ್ಕೆ ತಿರುಗಿತ್ತು. ಫ್ಯೂಸ್ ಇಲ್ಲದಿದ್ದರೆ ಅಲ್ಲಿಂದಲೇ ಬೆಂಕಿ ಹತ್ತುತ್ತಿತ್ತು. ಸೀಟು ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯನ್ನು ಉಳಿಸಲು ಹೋಗಬಾರದು.

ಮೊದಲು ವೈರಿನ ಲೆಕ್ಕವನ್ನು ಮುಗಿಸಿಕೊಳ್ಳಬೇಕು. 27 ವ್ಯಾಟಿನ ಎರಡು ದೀಪಗಳೆಂದರೆ 54 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು 4.5 ಆಂಪಿಯರ್. ವಿ-ಕ್ರಾಸ್ ಮತ್ತು ಹೈಲಕ್ಸ್ ಎರಡೂ ಸುಮಾರು 5.3 ಮೀಟರ್ ಉದ್ದದ ಗಾಡಿಗಳಾದ್ದರಿಂದ, ತಿರುವುಗಳೂ ಸೇರಿ ಬ್ಯಾಟರಿಯಿಂದ ದೀಪದವರೆಗೆ 7 ಮೀಟರ್ ಎಂದಿಟ್ಟುಕೊಳ್ಳಬಹುದು. ಹೋಗಿ ಬರುವ ಎರಡು ವೈರು ಸೇರಿದರೆ 14 ಮೀಟರ್. ಇಷ್ಟು ಉದ್ದಕ್ಕೆ 1 ಸ್ಕ್ವೇರ್ ಎಂಎಂ ತಾಮ್ರದ ವೈರು ಹಾಕಿದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ತುಸು ಹೆಚ್ಚು ಕಳೆದುಹೋಗುತ್ತದೆ, 2.5 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಎಳೆ ಹೆಚ್ಚಿರುವ, ಬಾಗುವ ಆಟೋ ವೈರನ್ನೇ ಕೊಳ್ಳಬೇಕು, ಏಕೆಂದರೆ ಒಂಟಿ ತಂತಿಯ ವೈರು ಗಾಡಿಯ ಅದುರಾಟಕ್ಕೆ ಒಳಗೊಳಗೇ ತುಂಡಾಗುತ್ತದೆ. 7.5 ಅಥವಾ 10 ಆಂಪಿಯರ್ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇಡಬೇಕು. ಫ್ಯೂಸಿಗಿಂತ ಮೊದಲಿನ ವೈರಿಗೆ ಯಾವ ರಕ್ಷಣೆಯೂ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಕೆಲಸ ಶುರುಮಾಡುವ ಮುನ್ನ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲನ್ನು ತೆಗೆದು ಪಕ್ಕಕ್ಕೆ ಕಟ್ಟಿಡಬೇಕು. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಗಾಡಿಯ ಲೋಹದ ಮೈಗೆ ತಗುಲಿದ ಕ್ಷಣವೇ ಶಾರ್ಟ್ ಆಗುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ಸರ್ಕ್ಯೂಟಿನಲ್ಲಿ ಉಳಿದಿರುವ ವಿದ್ಯುತ್ತು ಇಳಿಯಲು ಕೆಲವು ನಿಮಿಷ ಬಿಡಬೇಕು. ಎಷ್ಟು ಹೊತ್ತು ಎಂಬುದು ಆಯಾ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಹಳದಿ ಕನೆಕ್ಟರ್ ಅಥವಾ ಹಳದಿ ಸ್ಲೀವ್ ಕಂಡಲ್ಲಿ ಅದು ಏರ್‌ಬ್ಯಾಗಿನದೆಂದು ತಿಳಿದು ಮುಟ್ಟದಿರಬೇಕು, ಹೊಸ ವೈರನ್ನು ಅದಕ್ಕೆ ಕಟ್ಟಲೂಬಾರದು.

ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ಸರಿಸಿ, ಬಾಗಿಲ ಹೊಸ್ತಿಲ ಮೇಲೆ ಹಳೆಯ ಕಂಬಳಿ ಹಾಸಿಕೊಂಡರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಕೂರುವ ಭಾಗವನ್ನು ಕೆಲವು ಗಾಡಿಗಳಲ್ಲಿ ಮುಂದಿನ ಅಂಚಿನ ಕ್ಲಿಪ್ಪುಗಳಿಂದ ಹಿಡಿದಿರಿಸಿರುತ್ತಾರೆ. ಅಂಚನ್ನು ಎರಡೂ ಕೈಗಳಿಂದ ನೇರ ಮೇಲಕ್ಕೆ ಎತ್ತಿದರೆ ಕಳಚಿಕೊಳ್ಳುತ್ತದೆ. ಬೇರೆ ಕೆಲವದರಲ್ಲಿ ಅದು ಹಿಂಜಿನ ಬ್ರಾಕೆಟ್ಟಿಗೆ ಬೋಲ್ಟಾಗಿರುತ್ತದೆ. ಒರಗುವ ಭಾಗವನ್ನು ಸಾಮಾನ್ಯವಾಗಿ ಕೆಳಗೆ ಬೋಲ್ಟುಗಳೂ ಮೇಲೆ ಕೊಕ್ಕೆಗಳೂ ಹಿಡಿದಿರುತ್ತವೆ. ಹೆಡ್‌ರೆಸ್ಟ್ ತೆಗೆದು, ಕೆಳಗಿನ ಬೋಲ್ಟುಗಳನ್ನು ಬಿಚ್ಚಿ, ಇಡೀ ಒರಗನ್ನು ಮೇಲಕ್ಕೆತ್ತಿದರೆ ಕೊಕ್ಕೆಯಿಂದ ಬಿಡುಗಡೆಯಾಗುತ್ತದೆ. ಮುಂದಕ್ಕೆ ಜಗ್ಗಿದರೆ ಬರುವುದಿಲ್ಲ, ಕೊಕ್ಕೆ ಬಾಗುತ್ತದೆ. ಈ ಹಂತದಲ್ಲಿ ಇನ್ನೊಬ್ಬರ ಕೈ ಬೇಕೇ ಬೇಕು. ಪ್ರತಿ ಬೋಲ್ಟನ್ನೂ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು, ಯಾವ ಜಾಗದ್ದೆಂದು ಬರೆದ ಲೋಟಗಳಲ್ಲಿ ಬೇರೆ ಬೇರೆಯಾಗಿ ಹಾಕಿಡುವುದು ಒಳ್ಳೆಯದು. ಸೀಟ್ ಬೆಲ್ಟಿನ ಬೋಲ್ಟುಗಳನ್ನು ಮಾತ್ರ ಅನಿವಾರ್ಯವಲ್ಲದಿದ್ದರೆ ಮುಟ್ಟಬಾರದು.

ಸೀಟು ಹೊರಬಂದ ಮೇಲೆ ಹಿಂಗೋಡೆಯ ಮೇಲಿನ ಫೆಲ್ಟ್ ಹಾಳೆಯನ್ನು ಪ್ಲಾಸ್ಟಿಕ್ ಕ್ಲಿಪ್ಪುಗಳಿಂದ ನಿಧಾನವಾಗಿ ಬಿಡಿಸಬೇಕು. ಹಳೆಯ ಕ್ಲಿಪ್ಪುಗಳಲ್ಲಿ ಒಂದೆರಡು ಮುರಿಯುವುದು ಖಚಿತವಾದ್ದರಿಂದ ಮೊದಲೇ ನಾಲ್ಕೈದು ತಂದಿಟ್ಟುಕೊಂಡಿರಬೇಕು. ಹಾಳೆಯ ಹಿಂದೆ ಕಾರ್ಖಾನೆಯವರೇ ಬಿಟ್ಟಿರುವ ತೂತುಗಳಿಗೆ ರಬ್ಬರ್ ಬಿರಡೆ ಹಾಕಿರುವುದು ಸಾಮಾನ್ಯವಾಗಿ ಕಾಣಸಿಗುತ್ತದೆ. ಬಿರಡೆಯ ಜಾಗದಲ್ಲಿ ಗ್ರೊಮೆಟ್ (ತೂತಿನ ಅಂಚು ವೈರಿಗೆ ತಾಗದಂತೆ ತಡೆಯುವ ರಬ್ಬರ್ ಬಳೆ) ಕೂರಿಸಿ ವೈರು ತರುವುದಕ್ಕಿಂತ ಉತ್ತಮ ದಾರಿ ಇಲ್ಲ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲೆಂದು ಇಟ್ಟಿರುವ ರಬ್ಬರ್ ರೆಪ್ಪೆಗಳೂ ಹಿಂಗೋಡೆಯಲ್ಲಿ ಇರುತ್ತವೆ. ಹಲವರು ಅದರ ಮೂಲಕವೇ ವೈರು ತರುತ್ತಾರೆ. ಆದರೆ ವೈರು ಸಿಕ್ಕಿಕೊಂಡು ರೆಪ್ಪೆ ಸದಾ ತೆರೆದೇ ಇದ್ದರೆ ಮುಂಗಾರಿನಲ್ಲಿ ನೀರೂ ಬೇಸಿಗೆಯಲ್ಲಿ ಧೂಳೂ ಒಳಬರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಬೇರೆ ದಾರಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಡ್ರಿಲ್ಲಿಂಗ್ ಮಷೀನು ಕೈಗೆತ್ತಿಕೊಳ್ಳಬೇಕು. ಗೋಡೆಯ ಆಚೆ, ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು, ವೈರಿನ ಕಟ್ಟಾಗಲೀ ಪೈಪಾಗಲೀ ಆ ನೇರದಲ್ಲಿಲ್ಲ ಎಂದು ಕಣ್ಣಾರೆ ನೋಡಬೇಕು. ನೆಲದಲ್ಲಂತೂ ತೂತು ಬೇಡ. ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪುಗಳಿರುತ್ತವೆ. ಕೊರೆದ ಅಂಚನ್ನು ದುಂಡು ಅರದಿಂದ ಉಜ್ಜಿ, ಬೆರಳು ಸವರಿದರೆ ಎಲ್ಲಿಯೂ ತರಚದಷ್ಟು ನಯಗೊಳಿಸಿ, ಪ್ರೈಮರ್ ಮತ್ತು ಬಣ್ಣ ಬಳಿದು ಒಣಗಿಸಿಯೇ ಗ್ರೊಮೆಟ್ ಕೂರಿಸಬೇಕು. ಉದುರಿದ ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಎತ್ತಿ ತೆಗೆಯದಿದ್ದರೆ ಒಂದೇ ಮಳೆಗಾಲಕ್ಕೆ ಕಾರ್ಪೆಟ್ಟಿನ ಅಡಿಯಲ್ಲೆಲ್ಲ ತುಕ್ಕಿನ ಚುಕ್ಕೆಗಳೇಳುತ್ತವೆ.

ಹೊರಗೆ ವೈರು ಗ್ರೊಮೆಟ್ಟಿಗಿಂತ ಕೆಳಕ್ಕೆ ಇಳಿದು, ಮತ್ತೆ ಮೇಲೇರಿ ಒಳಹೋಗುವಂತೆ ಒಂದು ಬಾಗು ಕೊಟ್ಟರೆ, ಅದರ ಮೇಲೆ ಹರಿಯುವ ನೀರು ಬಾಗಿನ ತಳದಲ್ಲೇ ತೊಟ್ಟಿಕ್ಕುತ್ತದೆ. ಕ್ಯಾಬಿನ್ನೂ ಬಾಡಿಯೂ ಚಾಸಿಯ ಮೇಲೆ ಬೇರೆ ಬೇರೆಯಾಗಿ ಕುಳಿತಿರುವುದರಿಂದ ತೋಟದ ಹಳ್ಳದಿಣ್ಣೆಯಲ್ಲಿ ಅವು ಒಂದರಂತೆ ಇನ್ನೊಂದು ಅಲುಗುವುದಿಲ್ಲ. ಆ ಸಂದಿಯಲ್ಲಿ ಒಂದು ಗೇಣು ವೈರನ್ನು ಸಡಿಲ ಬಿಡದಿದ್ದರೆ ಜಗ್ಗಿ ಜಗ್ಗಿ ಲಗ್ಗಿನ (ವೈರಿನ ತುದಿಗೆ ಹಾಕುವ ಲೋಹದ ಕೊನೆಯ) ಬಳಿಯೇ ಕಿತ್ತುಬರುತ್ತದೆ. ಹೊರಗಿನ ಭಾಗಕ್ಕೆಲ್ಲ ಸುಕ್ಕುಪೈಪು ತೊಡಿಸಿ, ಸೈಲೆನ್ಸರ್ ಪೈಪಿನಿಂದ ದೂರವಿಡಬೇಕು.

ಒಳಗಿನ ದಾರಿ ಸುಲಭ. ಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿಯನ್ನು ಎತ್ತಿದರೆ ಗಾಡಿಯ ಮೂಲ ವೈರಿನ ಕಟ್ಟು ಸಿಗುತ್ತದೆ. ಅದರ ಪಕ್ಕದಲ್ಲೇ ಗೇಣಿಗೊಂದು ಟೈ ಕಟ್ಟುತ್ತ ಮುಂದೆ ಸಾಗಬೇಕು. ಸೀಟಿನ ಬ್ರಾಕೆಟ್ಟು, ಹಳಿ, ಬೋಲ್ಟು ಇವುಗಳಲ್ಲಿ ಯಾವುದೂ ವೈರಿನ ಮೇಲೆ ಕೂರುವಂತಿರಬಾರದು.

ಸೀಟು ಮರಳಿ ಕೂರಿಸುವ ಮುನ್ನವೇ ಪರೀಕ್ಷೆ ಮುಗಿಯಬೇಕು. ಫ್ಯೂಸನ್ನೂ ದೀಪದ ಕನೆಕ್ಟರನ್ನೂ ತೆಗೆದು, ಮಲ್ಟಿಮೀಟರಿನಿಂದ ಪಾಸಿಟಿವ್ ವೈರಿಗೂ ಗಾಡಿಯ ಲೋಹದ ಮೈಗೂ ನಡುವೆ ಸಂಪರ್ಕವಿಲ್ಲವೆಂದು ನೋಡಬೇಕು. ಬಳಿಕ ಎಲ್ಲವನ್ನೂ ಜೋಡಿಸಿ, ಅರ್ಧ ಗಂಟೆ ದೀಪ ಉರಿಸಿ, ಪ್ರತಿ ಜಾಯಿಂಟನ್ನೂ ಮುಟ್ಟಿ ನೋಡಬೇಕು. ಬಿಸಿಯಾಗಿರುವ ಜಾಯಿಂಟ್ ಸರಿಯಾಗಿ ಕ್ರಿಂಪ್ ಆಗಿಲ್ಲ, ಅಂದರೆ ಲೋಹದ ತುದಿ ವೈರನ್ನು ಬಿಗಿಯಾಗಿ ಒತ್ತಿ ಹಿಡಿದಿಲ್ಲ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಹಾಯಿಸುವಾಗ ಇನ್ನೊಬ್ಬರು ಒಳಗೆ ಗ್ರೊಮೆಟ್ಟಿನ ಸುತ್ತ ಟಿಶ್ಯೂ ಕಾಗದ ಹಿಡಿದರೆ, ಒಂದು ಹನಿ ಬಂದರೂ ಗೊತ್ತಾಗುತ್ತದೆ.

ಸೀಟು ಕೂರಿಸುವಾಗ ಮತ್ತೆ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ನಂತರ ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಬಿಗಿತಕ್ಕೆ ಟಾರ್ಕ್ ರಿಂಚಿನಿಂದ ಬಿಗಿಯಬೇಕು. ಬೆಲ್ಟುಗಳು ತಿರುಚಿಕೊಳ್ಳದೆ ಮೇಲೆ ಬಂದಿವೆಯೇ ಎಂದು ನೋಡಿ, ಒಂದೊಂದನ್ನೂ ಫಕ್ಕನೆ ಜಗ್ಗಿ ಲಾಕ್ ಆಗುವುದನ್ನು ಪರೀಕ್ಷಿಸಬೇಕು. ಜಾಗ ಸಿಗುತ್ತದೆಂದು ಸೀಟನ್ನು ಹೊರಗೇ ಬಿಟ್ಟು ಓಡಿಸುವುದು ಆರ್‌ಸಿಯಲ್ಲಿರುವ ಆಸನ ಸಂಖ್ಯೆಯನ್ನು ಬದಲಿಸಿದಂತೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರಗಳನ್ನು ಹೀಗೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಹಿಂದಿನ ದೀಪವನ್ನು ರಸ್ತೆಯಲ್ಲಿ ಉರಿಸಿಕೊಂಡು ಹೋಗಲೂಬಾರದು, ಹಿಂದೆ ಬರುವವರ ಕಣ್ಣು ಕುಕ್ಕುತ್ತದೆ.

ನೆಗೆಟಿವ್ ಟರ್ಮಿನಲ್ ಕೊನೆಗೆ ಹಾಕಿ, ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಯಾವುದೋ ಕನೆಕ್ಟರ್ ಅಲುಗಿದೆ ಎಂದರ್ಥ, ಸರ್ವಿಸ್ ಸೆಂಟರಿಗೆ ತೋರಿಸದೆ ಗಾಡಿ ಓಡಿಸಬಾರದು. ಒಂದು ವಾರ ತೋಟದ ರಸ್ತೆಯಲ್ಲಿ ಓಡಿದ ಮೇಲೆ ಕೂರುವ ಭಾಗವನ್ನು ಇನ್ನೊಮ್ಮೆ ಎತ್ತಿ, ಬೋಲ್ಟುಗಳ ಬಿಗಿತವನ್ನೂ ಟೈಗಳನ್ನೂ ಗ್ರೊಮೆಟ್ಟನ್ನೂ ನೋಡಿಕೊಳ್ಳಬೇಕು. ಗಾಡಿ ಗೋದಾಮಿನ ಪಕ್ಕ ನಿಲ್ಲುವುದಾದರೆ ಇಲಿ ಕಡಿದ ಗುರುತೇನಾದರೂ ಇದೆಯೇ ಎಂದೂ ಆಗಲೇ ನೋಡಬಹುದು.