ಪಾತಿ ತೆಗೆದು ಗೊಬ್ಬರ ಹಾಕುವ ಕೆಲಸ

ಕೋಲಾರದ ನಮ್ಮ ಕ್ರೈಸ್ತ ಸಭೆಯ ಸ್ತ್ರೀ ಸಮಾಜದ ಹಳೆಯ ಲೆಕ್ಕದ ಪುಸ್ತಕದಲ್ಲಿ ಒಬ್ಬ ತಾಯಿಯ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಇದೆ. ಅದನ್ನು ಎಳೆದವಳು ನಾನು. ಗಂಡ ಬಿಟ್ಟುಹೋಗಿದ್ದ, ಎರಡು ಮಕ್ಕಳ ಆ ತಾಯಿಗೆ ನಾವು ಕಾಣಿಕೆಯ ಹಣದಿಂದ ಹೊಲಿಗೆ ಯಂತ್ರ ಕೊಡಿಸಿದ್ದೆವು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಆಕೆ ಅದನ್ನು ಮಾರಿಬಿಟ್ಟಳೆಂಬ ಸುದ್ದಿ ಬಂತು. ಆಕೆಯನ್ನು ಕರೆಸಿ ಒಂದು ಮಾತು ಕೇಳೋಣವೆಂದು ಆ ದಿನದ ಸಭೆಯಲ್ಲಿ ಯಾರೂ ಹೇಳಲಿಲ್ಲ. ಕಾರ್ಯದರ್ಶಿಯಾಗಿದ್ದ ನಾನೂ ಹೇಳಲಿಲ್ಲ. ದೇವರ ಹಣ ಪೋಲಾಯಿತೆಂದು ಎಲ್ಲರೂ ನೊಂದುಕೊಂಡೆವು, ನಾನು ಗೆರೆ ಎಳೆದೆ, ಕೊನೆಯ ಪ್ರಾರ್ಥನೆ ಮಾಡಿ ಮನೆಗೆ ಹೋದೆವು.

ಸುಮಾರು ಎರಡು ವರ್ಷದ ನಂತರ ಬೇರೊಬ್ಬ ಹೆಂಗಸಿನ ಬಾಯಿಂದ ಮಿಕ್ಕ ಕಥೆ ತಿಳಿಯಿತು. ಯಂತ್ರ ಮಾರಿದ ಆ ತಾಯಿ ಸಂಘದ ಸಾಲ ಪಡೆದಿದ್ದಳು. ಅಂಥ ಸಾಲದಲ್ಲಿ ಗುಂಪಿನ ಒಬ್ಬಳು ವಾರದ ಕಂತು ತಪ್ಪಿಸಿದರೆ ಉಳಿದವರು ತಮ್ಮ ಕೈಯಿಂದ ಕಟ್ಟಬೇಕು. ಆದ್ದರಿಂದ ವಸೂಲಿಗೆ ಬರುವವನಿಗಿಂತ ಮೊದಲು ಅಕ್ಕಪಕ್ಕದ ಹೆಂಗಸರೇ ಬಂದು ಹೊಸಿಲ ಮುಂದೆ ಕೂರುತ್ತಾರೆ. ಆ ಹೆಂಗಸರ ಕಣ್ಣೆದುರಿಗೆ ಮಕ್ಕಳನ್ನು ನಿಲ್ಲಿಸಲಾರದೆ ಆಕೆ ಯಂತ್ರವನ್ನು ಮಾರಿದ್ದಳು. ಯಂತ್ರ ಕೊಡುವ ಮೊದಲು ಸಾಲವೆಷ್ಟಿದೆ ಎಂದು ಕೇಳುವ ಬುದ್ಧಿ ನಮಗೆ ಬಂದಿರಲಿಲ್ಲ. ನಾನು ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು. ರಕ್ತದೊತ್ತಡ ನೋಡದೆ ಬಾಣಂತಿಗೆ ಮಾತ್ರೆ ಕೊಟ್ಟವಳಲ್ಲ. ಸಭೆಯ ಕೆಲಸಕ್ಕೆ ಬಂದಾಗ ಮಾತ್ರ ಆ ಶಿಸ್ತನ್ನು ಗೇಟಿನ ಹೊರಗೆ ಬಿಟ್ಟು ಬಂದಿದ್ದೆ.

ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಹಣ್ಣು ಬಿಡದ ಅಂಜೂರದ ಮರದ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಇದೆ. ಮೂರು ವರ್ಷ ಕಾದ ಯಜಮಾನ ಅದನ್ನು ಕಡಿದುಹಾಕು ಎನ್ನುತ್ತಾನೆ. ತೋಟದ ಆಳು ಇನ್ನೊಂದು ವರ್ಷದ ಅವಕಾಶ ಕೇಳಿಕೊಂಡು, ತಾನು ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆಂದು ಮಾತು ಕೊಡುತ್ತಾನೆ. ಇದನ್ನು ಭಾನುವಾರದ ಪ್ರಸಂಗಗಳಲ್ಲಿ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ, ಪ್ರತಿ ಸಲವೂ ಮರವೇ ಪಶ್ಚಾತ್ತಾಪ ಪಡಬೇಕೆಂದು ಕೇಳಿಸಿಕೊಂಡಿದ್ದೆ. ನನ್ನ ತವರು ಶ್ರೀನಿವಾಸಪುರದ ಕಡೆ. ಅಲ್ಲಿ ಮಾವಿನ ಕೊಯ್ಲು ಮುಗಿದು ಮಳೆ ಹಿಡಿದ ಮೇಲೆ ನನ್ನ ತಂದೆ ಮರದ ಸುತ್ತ ಪಾತಿ ತೆಗೆದು ಕೊಟ್ಟಿಗೆ ಗೊಬ್ಬರ ಹಾಕುತ್ತಿದ್ದರು. ಮಾವು ಒಂದು ವರ್ಷ ಭರ್ತಿ ಬಿಟ್ಟು ಮರುವರ್ಷ ಸುಮ್ಮನಿರುವುದು ಆ ಸೀಮೆಯ ಎಲ್ಲ ರೈತರಿಗೂ ಗೊತ್ತಿರುವ ಸಂಗತಿ; ಬರಡು ವರ್ಷ ಬಂತೆಂದು ಯಾರೂ ಕೊಡಲಿ ಎತ್ತುವುದಿಲ್ಲ. ಕೆಂಪು ಗೆರೆಯ ಸಂಗತಿ ತಿಳಿದ ಮೇಲೆ ಆ ವಾಕ್ಯವನ್ನು ಮತ್ತೆ ಓದಿದಾಗ ಕಣ್ಣಿಗೆ ಬಿದ್ದದ್ದು ಆಳಿನ ಮಾತು. ಬೆವರು ಸುರಿಸಬೇಕಾದವನು ಅವನು. ಅವನು ಕೇಳಿದ್ದೂ ಒಂದು ವರ್ಷವನ್ನೇ, ಕೊನೆಯಿಲ್ಲದ ಕಾಲವನ್ನಲ್ಲ.

ನಾಲ್ಕು ಜನ ಹೆಂಗಸರು ಸೇರಿ, ಪ್ರತಿ ಬುಧವಾರ ಮಧ್ಯಾಹ್ನ ಸಭೆಯ ಹಿಂದಿನ ಕೋಣೆಯನ್ನು ತೆರೆದಿಡುವುದೆಂದು ತೀರ್ಮಾನಿಸಿದೆವು. ಸಭಾಪಾಲಕರು ಒಪ್ಪಿದರು, ಆದರೆ ಹಣ ಕೇಳಬೇಡಿ ಎಂದರು. ಬಂದ ತಾಯಿಯನ್ನು ಮೊದಲ ದಿನ ಏನೂ ಕೇಳುವುದಿಲ್ಲವೆಂಬ ನಿಯಮ ಮಾಡಿಕೊಂಡೆವು. ಮಗುವಿಗೆ ಊಟ, ತಾಯಿಗೆ ಊಟ, ಮಗು ಮಲಗಿದರೆ ತಾಯಿಗೂ ಮಲಗಲು ಒಂದು ಚಾಪೆ. ಕೇಳಬಾರದೆಂಬ ನಿಯಮ ನಮ್ಮಂಥ ನಡುವಯಸ್ಸಿನ ಹೆಂಗಸರಿಗೆ ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರುವ ತಾಯಂದಿರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಆದ್ದರಿಂದ ಸಹಾಯಕ್ಕೂ ಪ್ರಾರ್ಥನೆಗೂ ಗಂಟು ಹಾಕಬಾರದೆಂದು ಮೊದಲೇ ಬರೆದಿಟ್ಟೆವು. ತಾವಾಗಿ ಕೇಳಿದವರಿಗಾಗಿ ಪ್ರಾರ್ಥಿಸುತ್ತೇವೆ. ಕೇಳದವರಿಗೆ ಅನ್ನ ಬಡಿಸುವುದೇ ನಮ್ಮ ಪ್ರಾರ್ಥನೆ. ನಮ್ಮವರೇ ಆದ ತಾಯಂದಿರ ವಿಷಯದಲ್ಲಿ ಇನ್ನೊಂದು ಕಟ್ಟು ಮಾಡಿದೆವು: ನೆರವು ಪಡೆದವಳನ್ನು ಒಂದು ವರ್ಷದವರೆಗೆ ಸಭೆಯ ಮುಂದೆ ಸಾಕ್ಷಿ ಹೇಳಲು ನಿಲ್ಲಿಸುವುದಿಲ್ಲ. ತನ್ನ ಬೀಳು ಏಳುಗಳನ್ನು ಇನ್ನೂರು ಜನರ ಮುಂದೆ ಹೇಳಿಕೊಂಡವಳು ಮುಂದೊಮ್ಮೆ ಜಾರಿದರೆ ನಾಚಿಕೆಯಿಂದ ನಮ್ಮ ಬಾಗಿಲಿಗೇ ಬರುವುದಿಲ್ಲ. ಹಾಗೆ ಒಬ್ಬಳನ್ನು ಕಳೆದುಕೊಂಡ ಮೇಲೆಯೇ ಈ ನಿಯಮ ಹುಟ್ಟಿದ್ದು.

ಎರಡನೆಯ ವಾರದಿಂದ ಕಾಗದಗಳ ಕೆಲಸ ಶುರುವಾಗುತ್ತದೆ, ಮತ್ತು ಅಗೆಯುವುದೆಂದರೆ ಬಹುಪಾಲು ಇದೇ. ಗಂಡನ ಮನೆಯಿಂದ ಹೊರಬಿದ್ದವಳ ಹೆಸರು ಅತ್ತೆಯ ಪಡಿತರ ಚೀಟಿಯಲ್ಲೇ ಉಳಿದಿರುತ್ತದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವಳ ಖಾತೆಗೆ ಹೋಗುವುದರಿಂದ ಈಕೆಗೆ ಕಾಸೂ ಬರುವುದಿಲ್ಲ. ಗಂಡ ತೀರಿಹೋದ ಅಥವಾ ಬಿಟ್ಟುಹೋದ ತಾಯಿಯ ಮಕ್ಕಳಿಗೆ ಮಿಷನ್ ವಾತ್ಸಲ್ಯವೆಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ; ಹಳ್ಳಿಯಲ್ಲಾದರೆ ವಾರ್ಷಿಕ ಆದಾಯ 72,000 ರೂಪಾಯಿಯನ್ನು, ಪಟ್ಟಣದಲ್ಲಾದರೆ 96,000 ರೂಪಾಯಿಯನ್ನು ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಇದನ್ನು ತಿಳಿದ ಒಬ್ಬ ತಾಯಿಯನ್ನೂ ನಾನು ಬುಧವಾರದ ಕೋಣೆಯಲ್ಲಿ ನೋಡಿಲ್ಲ. ಆದಾಯ ಪ್ರಮಾಣ ಪತ್ರಕ್ಕೆಂದು ಒಂದು ದಿನದ ಕೂಲಿ ಬಿಟ್ಟು ಹೋದವಳನ್ನು ನಾಳೆ ಬಾ ಎಂದು ಕಳುಹಿಸಿದರೆ ಆಕೆ ಆ ನಾಳೆಯನ್ನು ಕೊಳ್ಳಲಾರಳು. ಅದಕ್ಕಾಗಿ ನಮ್ಮಲ್ಲೊಬ್ಬರು ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೇವೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿರುವುದು ಬಂಗಾರಪೇಟೆ, ಮುಳಬಾಗಿಲು ಕಡೆಯಿಂದ ಬರುವವರಿಗೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ಆ ಸಾಲಿನಲ್ಲಿ ನಿಂತವರೇ ಬಲ್ಲರು.

ಹೆರಿಗೆ ವಾರ್ಡಿನ ಅನುಭವ ಕೆಲಸಕ್ಕೆ ಬಂದದ್ದು ಒಬ್ಬ ಎಳೆಯ ತಾಯಿಯ ವಿಷಯದಲ್ಲಿ. ನರಸಾಪುರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹುಡುಗಿ, ಮದುವೆಯಾಗುತ್ತೇನೆಂದವನು ನಾಪತ್ತೆ. ಐದು ವಾರದ ಕೂಸನ್ನು ಟವೆಲ್ಲಿನಲ್ಲಿ ಸುತ್ತಿ ತಂದು ನಮ್ಮ ಮೇಜಿನ ಮೇಲೆ ಮಲಗಿಸಿ, "ಸಿಸ್ಟರ್, ಇದನ್ನ ನೀವೇ ಇಟ್ಕೊಳ್ಳಿ, ನಾನು ಹೋಗ್ತೀನಿ" ಎಂದಳು. ನಮ್ಮಲ್ಲೊಬ್ಬರು ತಾಯ ಕರುಳಿನ ಬಗ್ಗೆ ಮಾತೆತ್ತುವಷ್ಟರಲ್ಲಿ ನಾನು ಅವರನ್ನು ಟೀ ತರಲು ಕಳುಹಿಸಿದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅದನ್ನು ಮೀರಿಯೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಹೋಗದಿದ್ದರೆ, ಸಾಯುವ ಮಾತು ಬಂದರೆ, ಅದು ಖಿನ್ನತೆ. ಅದಕ್ಕೆ ವೈದ್ಯರು ಬೇಕು. ಆಕೆ ನಾಲ್ಕು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಅದೇ ಸಂಜೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ದೂರದ ಹಳ್ಳಿಗಳ ತಾಯಂದಿರಿಗೆ ನಾನು 14416 ಎಂಬ ಟೆಲಿ ಮನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ, ಕನ್ನಡದಲ್ಲೇ ಮಾತನಾಡುತ್ತಾರೆ.

ಮಗುವನ್ನು ನಾವೇ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಒಳ್ಳೆಯ ಮನಸ್ಸಿನಿಂದ ಮಕ್ಕಳಿಲ್ಲದ ದಂಪತಿಗೆ ಕೂಸನ್ನು ಕೈಗಿತ್ತು ಕಳುಹಿಸುವ ಸಭೆಗಳವರು ಇದನ್ನು ಗಮನಿಸಬೇಕು. 2015ರ ಬಾಲನ್ಯಾಯ ಕಾಯಿದೆಯ 35ನೆಯ ಕಲಮಿನ ಪ್ರಕಾರ, ಸಾಕಲಾರದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಸಮಿತಿ ಆಕೆಯೊಡನೆ ಆಪ್ತ ಸಮಾಲೋಚನೆ ನಡೆಸಿ ಒಪ್ಪಿಗೆ ಪತ್ರ ಬರೆಸಿಕೊಂಡ ಮೇಲೂ ಮನಸ್ಸು ಬದಲಿಸಲು ಆಕೆಗೆ ಎರಡು ತಿಂಗಳ ಕಾಲಾವಕಾಶವಿದೆ. ಈ ಕಲಮನ್ನು ಮೊದಲ ಸಲ ಓದಿದ ದಿನ ನನಗೆ ತೋಟದ ಆಳು ನೆನಪಾದ. ಸರ್ಕಾರದ ಕಾನೂನೇ ಎರಡು ತಿಂಗಳು ಕಾಯಲು ಸಿದ್ಧವಿರುವಾಗ ನಾವು ಒಂದೇ ಸಭೆಯಲ್ಲಿ ಗೆರೆ ಎಳೆದಿದ್ದೆವಲ್ಲ!

ಹುಡುಗಿ ಕೂಸನ್ನು ಸಮಿತಿಗೆ ಒಪ್ಪಿಸಿದಳು. ನಾವು ಬೇಡವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ಆ ಎರಡು ತಿಂಗಳಲ್ಲಿ ಮಾಡಿದ್ದು ಇಷ್ಟು: ಮಾತ್ರೆ ನುಂಗಿದಳೇ ಎಂದು ದಿನವೂ ಒಂದು ಫೋನು, ಬಾಡಿಗೆ ಬಾಕಿ ತೀರಿಸಲು ನಾಲ್ವರ ಕೈಚೀಲದಿಂದ ಸ್ವಲ್ಪ ಸ್ವಲ್ಪ ಹಣ, ಮತ್ತು ಆಕೆಯ ತಾಯಿಯನ್ನು ಕಾಣಲು ವೇಮಗಲ್ ಕಡೆಯ ಹಳ್ಳಿಗೆ ಮೂರು ಸಲದ ಪ್ರಯಾಣ. ಮೊದಲ ಸಲ ಆ ತಾಯಿ ಬಾಗಿಲು ಹಾಕಿಕೊಂಡಳು. ಎರಡನೆಯ ಸಲ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟು, ಮಗಳ ಹೆಸರೆತ್ತಬೇಡಿ ಎಂದಳು. ಮೂರನೆಯ ಸಲ ನಾವು ಹೆಸರೆತ್ತದೆ ಅವರ ರೇಷ್ಮೆಹುಳದ ಬಗ್ಗೆ ಮಾತನಾಡುತ್ತ ಕುಳಿತಿದ್ದಾಗ, ಕೂಸು ಯಾರ ಹಾಗಿದೆ ಎಂದು ಆಕೆಯೇ ಕೇಳಿದಳು. ಒಂಬತ್ತು ದಿನ ಉಳಿದಿರುವಾಗ ಅಜ್ಜಿ, ತಾಯಿ ಇಬ್ಬರೂ ಸಮಿತಿಯ ಮುಂದೆ ಹೋಗಿ ಮಗುವನ್ನು ಮರಳಿ ಪಡೆದರು. ಇನ್ನೊಬ್ಬ ತಾಯಿ ಎರಡು ತಿಂಗಳು ಕಳೆದರೂ ಬರಲಿಲ್ಲ. ಆಕೆಯ ಮಗು ದತ್ತು ಹೋಯಿತು. ಆಕೆ ಸೋತಳೆಂದು ನಮ್ಮ ಪುಸ್ತಕದಲ್ಲಿ ಬರೆದಿಲ್ಲ. ತಿಪ್ಪೆಯಲ್ಲಿ ಬಿಡದೆ ಸಮಿತಿಯ ಬಾಗಿಲವರೆಗೆ ಎತ್ತಿಕೊಂಡು ನಡೆದವಳು ಆಕೆ.

ಕರುಣೆಗೂ ಒಂದು ಗಡಿಯಿದೆಯೆಂದು ಕಲಿಸಿದವಳು ಕುಡಿತಕ್ಕೆ ಬಿದ್ದಿದ್ದ ಒಬ್ಬ ತಾಯಿ. ಟೊಮೆಟೊ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದಳು. ಎರಡು ಸಲ ಬಿಟ್ಟಳು, ಎರಡು ಸಲವೂ ಮತ್ತೆ ಹಿಡಿದಳು. ಬರಡು ವರ್ಷವೆಂದುಕೊಂಡು ಕಾದೆವು. ಮೂರನೆಯ ಸಲ ಆಕೆಯ ಏಳು ವರ್ಷದ ಮಗನ ಬೆನ್ನಿನ ಮೇಲೆ ಸುಟ್ಟ ಗುರುತು ಕಂಡಿತು. ತಾಯಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ನಮ್ಮಲ್ಲಿಬ್ಬರು ಕಣ್ಣೀರಿಟ್ಟು ವಾದಿಸಿದರು. ತಾಯಿಯ ಅವಕಾಶಕ್ಕೆ ಮಗುವಿನ ಚರ್ಮ ಬೆಲೆ ತೆರಬಾರದೆಂದು ಹೇಳಿ ನಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಹುಡುಗನನ್ನು ಬಾಲಮಂದಿರಕ್ಕೆ ಕರೆದೊಯ್ದರು. ಆಕೆ ಮಂಡಿಯ ಮುಂದೆಯೇ ನನ್ನನ್ನು ಬಾಯಿಗೆ ಬಂದಂತೆ ಬೈದಳು, ಮಣ್ಣು ತೂರಿದಳು. ಮುಂದಿನ ಬುಧವಾರವೂ ಆಕೆಯ ಪಾಲಿನ ತಟ್ಟೆಯನ್ನು ತೊಳೆದಿಟ್ಟಿದ್ದೆವು, ಅದರ ಮುಂದಿನ ಬುಧವಾರವೂ. ಐದು ತಿಂಗಳ ನಂತರ ಬಂದು ಊಟ ಮಾಡಿ ಹೋದಳು, ನನ್ನೊಡನೆ ಮಾತನಾಡಲಿಲ್ಲ. ಈಗ ವ್ಯಸನಮುಕ್ತಿ ಚಿಕಿತ್ಸೆ ಪಡೆಯುತ್ತಿದ್ದಾಳೆ. ಮಗ ಇನ್ನೂ ಬಾಲಮಂದಿರದಲ್ಲೇ ಇದ್ದಾನೆ. ನನ್ನೊಡನೆ ಇಂದಿಗೂ ಮಾತಿಲ್ಲ.

ಹಣವನ್ನು ತಾಯಿಯ ಕೈಗೆ ಕೊಡಬೇಕೋ ನಾವೇ ಅಂಗಡಿಗೆ, ಶಾಲೆಗೆ ಕಟ್ಟಬೇಕೋ ಎಂಬ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಕೈಗೇ ಕೊಡಬೇಕೆಂಬುದು ನನ್ನ ಪಕ್ಷ, ಆದರೆ ಮೊದಲು ಸಾಲದ ಪಟ್ಟಿಯನ್ನು ಇಬ್ಬರೂ ಕುಳಿತು ಬರೆದ ಮೇಲೆ. 2025ರ ಫೆಬ್ರವರಿಯಲ್ಲಿ ಕಿರುಸಾಲದ ವಸೂಲಿಗೆ ಕಿರುಕುಳ ಕೊಡುವುದರ ವಿರುದ್ಧ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂದ ಮೇಲೆ ಪೊಲೀಸ್ ಠಾಣೆಗೆ ಹೋಗಲು ತಾಯಂದಿರಿಗೆ ಸ್ವಲ್ಪ ಧೈರ್ಯ ಬಂದಿದೆ. ಗುಂಪಿನ ಹೆಂಗಸರು ಹೊಸಿಲ ಮುಂದೆ ಕೂರುವುದಕ್ಕೆ ಮಾತ್ರ ಯಾವ ಕಾನೂನಿನಲ್ಲೂ ಮದ್ದಿಲ್ಲ. ಆ ಹೆಂಗಸರನ್ನೂ ಒಳಗೆ ಕರೆದು ಟೀ ಕೊಟ್ಟು ಮಾತನಾಡಿಸುವುದೊಂದೇ ನನಗೆ ತೋಚಿದ ದಾರಿ, ಅವರೂ ತಾಯಂದಿರೇ.

ಕೆಂಪು ಗೆರೆಯ ಆ ತಾಯಿಯನ್ನು ಹುಡುಕಿಕೊಂಡು ಕಳೆದ ವರ್ಷ ಮಾಲೂರಿಗೆ ಹೋದೆ. ಇಟ್ಟಿಗೆ ಗೂಡಿನ ಹತ್ತಿರದ ಒಂದು ಕೋಣೆಯ ಮನೆ. ನಾವು ಮಾಡಿದ್ದು ತಪ್ಪು, ಗೆರೆ ಎಳೆದವಳು ನಾನೇ, ಕ್ಷಮಿಸಬೇಕೆಂದು ಬಸ್ಸಿನಲ್ಲಿ ಕಂಠಪಾಠ ಮಾಡಿಕೊಂಡು ಹೋಗಿದ್ದ ಮಾತನ್ನು ಹೇಳಿ ಮುಗಿಸಿದೆ. ಆಕೆ ಪರವಾಗಿಲ್ಲ ಎನ್ನಲಿಲ್ಲ. ಸ್ಟವ್ ಹಚ್ಚಿ ಟೀಗೆ ಇಟ್ಟಳು, ಲೋಟವನ್ನು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟಳು. ಬಹಳ ಹೊತ್ತಿನ ಮೇಲೆ, "ಆ ಮೆಷಿನ್ ಚೆನ್ನಾಗಿ ಓಡ್ತಿತ್ತು ಸಿಸ್ಟರ್, ಬಾಬಿನ್ನೇ ಆಗಾಗ ಸಿಕ್ಕಾಕ್ಕೊಳ್ತಿತ್ತು" ಎಂದಳು.