ಇಳಿಯೋದು ನಡೆದು, ಹತ್ತೋದು ಗಾಡಿಯಲ್ಲಿ: ಪೋರ್ಟೋದಲ್ಲಿ ನಮ್ಮ ವಾರಾಂತ್ಯ

ಪೋರ್ಚುಗಲ್‌ನ ಪೋರ್ಟೋಗೆ ಹೋಗೋಣ ಅಂತ ನಿರ್ಧಾರ ಆದಮೇಲೆ ನಾನು ಮೊದಲು ಹುಡುಕಿದ್ದು ಆ ಊರಿನ ಏರಿಳಿತ ತೋರಿಸುವ ನಕ್ಷೆ. ನಮ್ಮವರಿಗೆ ಮಂಡಿ ನೋವು. ನನಗೋ ಓಡುತ್ತಾ ಊರು ನೋಡೋದು ಹಿಡಿಸುವುದೇ ಇಲ್ಲ. ನಾವಿರುವ ನೆದರ್‌ಲ್ಯಾಂಡ್ಸ್ ಜೋಳದ ರೊಟ್ಟಿಯ ಹಾಗೆ ಚಪ್ಪಟೆ. ಪೋರ್ಟೋ ಹಾಗಲ್ಲ. ಡೌರೊ ನದಿ ಆಳದಲ್ಲಿ ಹರಿಯುತ್ತದೆ, ಊರು ಅದರ ದಡದ ಗುಡ್ಡಗಳನ್ನು ಹತ್ತಿ ಕೂತಿದೆ.

ಅದಕ್ಕೇ ಒಂದು ನಿಯಮ ಮಾಡಿಕೊಂಡೆವು. ಇಳಿಯೋದು ಕಾಲ್ನಡಿಗೆಯಲ್ಲಿ, ಹತ್ತೋದು ಗಾಡಿಯಲ್ಲಿ. ಈ ಊರಿನಲ್ಲಿ ಮೇಲೆ ಹತ್ತಿಸೋದಕ್ಕೆ ಸಾಕಷ್ಟು ವ್ಯವಸ್ಥೆ ಇದೆ. ನದಿ ದಂಡೆಯಿಂದ ಬಟಾಲ್ಯಾ ಚೌಕದ ಕಡೆಗೆ ಗಿಂಡಾಯಿಸ್ ಫ್ಯೂನಿಕ್ಯುಲರ್, ಅಂದರೆ ಹಗ್ಗ ಕಟ್ಟಿ ಎಳೆಯುವ ಹಳಿ ಗಾಡಿ, ಹತ್ತುತ್ತದೆ. ಆಚೆ ದಡದಲ್ಲಿ ಕೇಬಲ್ ಕಾರ್ ಇದೆ. ಮೆಟ್ರೋ ಅಂತೂ ಸೇತುವೆಯ ತಲೆಯ ಮೇಲೇ ಓಡುತ್ತದೆ. ನಿಯಮ ಸಿಕ್ಕ ಕೂಡಲೇ ಎಲ್ಲಿ ಉಳಿಯಬೇಕು ಅನ್ನೋದೂ ತಾನಾಗಿ ಗೊತ್ತಾಯಿತು. ಜಾಸ್ತಿ ಜನ ನದಿ ಕಾಣುವ ಕೋಣೆ ಬೇಕು ಅಂತ ರಿಬೇರಾ ದಂಡೆಯಲ್ಲಿ ಉಳಿಯುತ್ತಾರೆ. ನಾವು ಮೇಲೆ, ಬೊಲ್ಯಾವ್ ಮಾರುಕಟ್ಟೆಯ ಹತ್ತಿರ ಕೋಣೆ ಹಿಡಿದೆವು. ಬೆಳಗ್ಗೆ ಎದ್ದು ಬಾಗಿಲು ದಾಟಿದರೆ ಎಲ್ಲ ದಾರಿಯೂ ಇಳಿಜಾರು. ವಿಮಾನ ನಿಲ್ದಾಣದಿಂದ ನೇರಳೆ ಬಣ್ಣದ ಮೆಟ್ರೋ ಹಿಡಿದರೆ ಸುಮಾರು ಅರ್ಧ ಗಂಟೆಯಲ್ಲಿ ಟ್ರಿಂಡಾಡೆ ನಿಲ್ದಾಣ. ಅಲ್ಲಿಂದ ನಮ್ಮ ಕೋಣೆ ಸಮೀಪವೇ ಇತ್ತು. ಶುಕ್ರವಾರ ರಾತ್ರಿ ತಲುಪಿ, ಸುಮ್ನೆ ಮಲಗಿದೆವು.

ಬೊಲ್ಯಾವ್ ಭಾನುವಾರ ಮುಚ್ಚಿರುತ್ತದೆ. ಆದ್ದರಿಂದ ಶನಿವಾರ ಬೆಳಗ್ಗೆ ಮೊದಲ ಕೆಲಸ ಅದೇ. ಬಹಳ ಕಾಲ ದುರಸ್ತಿಯಲ್ಲಿದ್ದ ಈ ಮಾರುಕಟ್ಟೆ 2022ರಲ್ಲಿ ಮತ್ತೆ ತೆರೆಯಿತು. ನೆಲ ಹೊಸದು, ಚಾವಣಿ ಹೊಸದು, ಆದರೆ ಹಣ್ಣು, ಹೂವು, ಮೀನು ಮಾರುವ ಹಳೆಯ ಅಜ್ಜಿಯರು ಇನ್ನೂ ಇದ್ದಾರೆ. ಮಾರುಕಟ್ಟೆಗೆ ಕಾಲಿಟ್ಟರೆ ನನಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಆಲಿವ್, ಕುರಿ ಹಾಲಿನ ಚೀಸು, ಮೆಕ್ಕೆಜೋಳದ ಹಿಟ್ಟು ಸೇರಿಸಿ ಸುಡುವ ದಪ್ಪ ಬ್ರೆಡ್ಡು, ಒಂದಿಷ್ಟು ಚೆರ್ರಿ ಹಣ್ಣು ಕೊಂಡೆ. ಮಧ್ಯಾಹ್ನದ ಊಟದ ಚಿಂತೆ ಅಲ್ಲೇ ಮುಗಿಯಿತು. ಹೊಸ ಊರಿನಲ್ಲಿ ಹಸಿವಾದಾಗ ಹೋಟೆಲು ಹುಡುಕುತ್ತಾ ಅಲೆಯೋದು ಇದೆಯಲ್ಲ, ಗಂಡ ಹೆಂಡತಿಯ ನಡುವೆ ಜಗಳ ಶುರುವಾಗೋದೇ ಅಲ್ಲಿ. ಚೀಲದಲ್ಲಿ ಬ್ರೆಡ್ಡು ಇದ್ದರೆ ಅರ್ಧ ಸಮಾಧಾನ.

ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ಮೀನು ತಿನ್ನುವುದಿಲ್ಲ. ಅಂಥವರಿಗೆ ಈ ಊರು ಕಷ್ಟ ಅನ್ನುತ್ತಾರೆ, ನಮಗೆ ಹಾಗನಿಸಲಿಲ್ಲ. ಆದರೆ ಕೇಳಿ ತಿನ್ನಬೇಕು. ಕಾಲ್ಡೋ ವೆರ್ಡೆ ಅಂತ ಹಸಿರು ಸೊಪ್ಪು, ಆಲೂಗಡ್ಡೆಯ ಸೂಪು ಇದೆ. ನೋಡೋಕೆ ಅಪ್ಪಟ ಸಸ್ಯಾಹಾರ. ಸಾಮಾನ್ಯವಾಗಿ ಅದರಲ್ಲಿ ಹಂದಿ ಸಾಸೇಜಿನ ಚೂರು ಹಾಕಿರುತ್ತಾರೆ. "ಸೆಂ ಕಾರ್ನೆ, ಸೆಂ ಪೇಶೆ" ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಇಷ್ಟು ಕಲಿತರೆ ಸಾಕು. ಪೋರ್ಟೋದ ಹೆಸರಾಂತ ಫ್ರಾನ್ಸೆಸಿನ್ಯಾ ಪೂರ್ತಿ ಮಾಂಸದ ಸ್ಯಾಂಡ್‌ವಿಚ್ಚು, ಅದರ ಸಸ್ಯಾಹಾರಿ ರೂಪ ಮಾಡಿಕೊಡುವ ಕಡೆಗಳೂ ಇವೆ. ಇನ್ನೊಂದು ವಿಷಯ. ಹೋಟೆಲಿನಲ್ಲಿ ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಬೆಣ್ಣೆ, ಆಲಿವ್ ತಂದಿಡುತ್ತಾರೆ. ಅದಕ್ಕೂ ದುಡ್ಡಿದೆ. ಬೇಡದಿದ್ದರೆ ಮುಟ್ಟದೆ ವಾಪಸ್ ಕೊಡಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾರುಕಟ್ಟೆಯ ಹತ್ತಿರದ ಮೂಲೆಯಲ್ಲೇ ನೀಲಿ ಹೆಂಚಿನ, ಅಂದರೆ ಚಿತ್ರ ಬರೆದ ಟೈಲ್ಸ್ ಹಚ್ಚಿದ, ಗೋಡೆಯ ಚರ್ಚು, ಕಪೇಲಾ ದಾಸ್ ಆಲ್ಮಾಸ್. ಗೋಡೆ ನೋಡಿದರೆ ಶತಮಾನಗಳ ಹಿಂದಿನದು ಅನಿಸುತ್ತದೆ. ಹೆಂಚು ಹಚ್ಚಿದ್ದು 1929ರಲ್ಲಿ. ಅಲ್ಲಿಂದ ಇಳಿಯುತ್ತಾ ಹೋದರೆ ಸಾವ್ ಬೆಂಟೊ ರೈಲು ನಿಲ್ದಾಣ. ಪೋರ್ಟೋದಲ್ಲಿ ಒಂದೇ ಒಂದು ಜಾಗ ನೋಡೋಕೆ ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಟಿಕೆಟ್ಟು ಬೇಕಿಲ್ಲ, ಸಾಲು ನಿಲ್ಲಬೇಕಿಲ್ಲ. ರೈಲು ಹಿಡಿಯುವವರ ಓಡಾಟದ ನಡುವೆಯೇ ಜಾರ್ಜ್ ಕೊಲಾಸೊ ಬರೆದ ಸುಮಾರು 20,000 ಹೆಂಚುಗಳ ಚಿತ್ರಗಳು. ಒಂದು ಗೋಡೆಯಲ್ಲಿ ಪೋರ್ಚುಗೀಸರು ಉತ್ತರ ಆಫ್ರಿಕಾದ ಸೆಯುಟಾ ಊರನ್ನು ಗೆದ್ದ 1415ರ ಯುದ್ಧ, ಅದರಲ್ಲಿ ಪೋರ್ಚುಗಲ್‌ನ ರಾಜಕುಮಾರ ಹೆನ್ರಿ. ಹಡಗುಗಳನ್ನು ಆಫ್ರಿಕಾದ ತೀರದುದ್ದಕ್ಕೂ ಕಳಿಸಿದವನು, ಇದೇ ಪೋರ್ಟೋದಲ್ಲಿ ಹುಟ್ಟಿದವನು. ಆ ದಾರಿ ಬೆಳೆಯುತ್ತಾ ಬೆಳೆಯುತ್ತಾ ವಾಸ್ಕೊ ಡ ಗಾಮನ ತನಕ ಬಂತು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂತಿರುಗುವಾಗ ಗಾಮ ಹಡಗು ನಿಲ್ಲಿಸಿದ್ದು ನಮ್ಮೂರು ಕಾರವಾರದ ಪಕ್ಕದ ಅಂಜುದೀವ ದ್ವೀಪದಲ್ಲಿ. ಕಾರವಾರದವಳಾದ ನನಗೆ ಆ ಗೋಡೆಯ ಮುಂದಿಂದ ಸುಲಭವಾಗಿ ಕದಲೋಕೆ ಆಗಲಿಲ್ಲ. ನಮ್ಮವರು ಬೆಂಚು ಹುಡುಕಿ ಕೂತು ಚೆರ್ರಿ ತಿನ್ನುತ್ತಿದ್ದರು. "ನಿಧಾನಕ್ಕೆ ನೋಡು, ನಂಗೇನೂ ಅವಸರ ಇಲ್ಲ" ಅಂದರು. ಇಂಥ ಮಾತು ಬೇಕು ಅಂತಲೇ ನಾವು ಪಟ್ಟಿ ಚಿಕ್ಕದು ಮಾಡಿದ್ದು. ಲೆಲ್ಲೊ ಪುಸ್ತಕದಂಗಡಿ, ಕ್ಲೆರಿಗೋಸ್ ಗೋಪುರ ಎರಡನ್ನೂ ಬಿಟ್ಟೆವು.

ಮಧ್ಯಾಹ್ನ ಕೋಣೆಗೆ ಹೋಗಿ ಮಲಗಿದೆವು. ವಿದೇಶಕ್ಕೆ ಹೋಗಿ ಹಗಲು ನಿದ್ದೆಯಾ ಅಂತ ಕೇಳುವವರು ಇದ್ದಾರೆ. ಈ ನಿದ್ದೆಯಿಂದಲೇ ನಮಗೆ ಸಂಜೆ ಪೂರ್ತಿಯಾಗಿ ಸಿಕ್ಕಿತು. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗೋದು ಎಂಟೂವರೆ ದಾಟಿದ ಮೇಲೆ.

ಸಂಜೆ ಹೂವಿನ ಬೀದಿ, ಅಂದರೆ ರುವಾ ದಾಸ್ ಫ್ಲೋರೆಸ್ ಹಿಡಿದು ರಿಬೇರಾಕ್ಕೆ ಇಳಿದೆವು. ಮುಂದೆ ಒಂದನೇ ಲೂಯಿಸ್ ಸೇತುವೆ. ನಮ್ಮವರು ಸಿವಿಲ್ ಎಂಜಿನಿಯರ್. ಸೇತುವೆ ಕಂಡ ಕೂಡಲೇ ಮಂಡಿ ನೋವು ಮರೆತರು. 1886ರದ್ದು, ಕಬ್ಬಿಣದ ಕಮಾನು 172 ಮೀಟರ್. ಇದನ್ನು ಐಫೆಲ್ ಕಟ್ಟಿದ್ದು ಅಂತ ಅನೇಕರು ಹೇಳುತ್ತಾರೆ. ಇದರ ವಿನ್ಯಾಸ ಮಾಡಿದ್ದು ಐಫೆಲ್‌ನ ಹಳೆಯ ಪಾಲುದಾರ ತಿಯೋಫಿಲ್ ಸೇರಿಗ್. ಐಫೆಲ್ ಕಂಪನಿಯದ್ದು ನದಿಯಲ್ಲಿ ಸ್ವಲ್ಪ ಮೇಲಕ್ಕಿರುವ ಮರಿಯಾ ಪಿಯಾ ರೈಲು ಸೇತುವೆ, 1877ರದ್ದು. ಇದನ್ನೆಲ್ಲ ಅವರು ಹೇಳುತ್ತಿದ್ದರೆ ನಾನು ಕಂಬಿ ಹಿಡಿದು ನದಿ ನೋಡುತ್ತಾ ಕೇಳುತ್ತಿದ್ದೆ.

ಸೇತುವೆಗೆ ಎರಡು ಅಂತಸ್ತು. ಕೆಳಗಿನದರಲ್ಲಿ ದಾಟಿದರೆ ವಿಲಾ ನೋವಾ ದೆ ಗಾಯಾ, ಪೋರ್ಟ್ ವೈನಿನ ಉಗ್ರಾಣಗಳ ದಡ. ದ್ರಾಕ್ಷಿ ಬೆಳೆಯೋದು ನದಿಯ ಮೇಲ್ಭಾಗದ ಕಣಿವೆಯಲ್ಲಿ. ಅಲ್ಲಿಂದ ರಬೆಲೊ ದೋಣಿಗಳಲ್ಲಿ ಪೀಪಾಯಿಗಳು ಇಲ್ಲಿಗೆ ಇಳಿಯುತ್ತಿದ್ದವು. ಈಗ ಆ ದೋಣಿಗಳು ದಡದಲ್ಲಿ ಅಂದಕ್ಕೆ ನಿಂತಿವೆ. ನಮ್ಮವರು ಕುಡಿಯುವುದಿಲ್ಲ, ಆದರೂ ಒಂದು ಉಗ್ರಾಣದೊಳಗೆ ಹೋದೆವು. ದ್ರಾಕ್ಷಿರಸ ಹುದುಗುತ್ತಿರುವಾಗಲೇ ಮಧ್ಯದಲ್ಲಿ ದ್ರಾಕ್ಷಿಯ ಸಾರಾಯಿ ಸೇರಿಸುತ್ತಾರೆ. ಹುದುಗು ನಿಂತು ಸಿಹಿ ಉಳಿಯುತ್ತದೆ. ಚಿಕ್ಕ ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿಯಾಡಿದರೆ ಕಂದು ಬಣ್ಣದ ಟಾನಿ, ದೊಡ್ಡ ತೊಟ್ಟಿಯಲ್ಲಿಟ್ಟರೆ ಕೆಂಪು ಉಳಿಸಿಕೊಂಡ ರೂಬಿ. ನಾನು ಟಾನಿ ರುಚಿ ನೋಡಿದೆ. ಒಣದ್ರಾಕ್ಷಿ, ಹುರಿದ ಬಾದಾಮಿಯ ವಾಸನೆ ಬಂತು. ಒಳಗಿನ ತಂಪಿಗೂ ಪೀಪಾಯಿ ಮರದ ಪರಿಮಳಕ್ಕೂ ಕುಡಿಯದವರೂ ಹೋಗಬಹುದು.

ಕತ್ತಲಾಗುವ ಮೊದಲು ಕೇಬಲ್ ಕಾರ್ ಹಿಡಿದು ಮೇಲಿನ ಜಾರ್ಡಿಂ ದೊ ಮೊರೊ ಉದ್ಯಾನಕ್ಕೆ ಹತ್ತಿದೆವು. ಅದು ಸಂಜೆ ನಿಲ್ಲುತ್ತದೆ, ಸಮಯ ನೋಡಿಕೊಂಡು ಹೋಗಿ. ಹುಲ್ಲಿನ ಮೇಲೆ ನೂರಾರು ಜನ ಸೂರ್ಯಾಸ್ತಕ್ಕೆ ಕೂತಿದ್ದರು. "ರೀ, ಇಲ್ಲೇ ಕೂತ್ಕೊಳ್ಳೋಣ" ಅಂದೆ. ಬೆಳಗಿನ ಚೀಸು, ಬ್ರೆಡ್ಡು ಅಲ್ಲಿ ಮುಗಿದವು. ಆಮೇಲೆ ಸೇತುವೆಯ ಮೇಲಂತಸ್ತಿನಲ್ಲಿ, ಮೆಟ್ರೋ ಹಳಿಯ ಪಕ್ಕದಲ್ಲೇ ನಡೆದು ಈಚೆ ದಡಕ್ಕೆ ಬಂದೆವು. ಇಡೀ ಸಂಜೆ ದೊಡ್ಡ ಏರು ಹತ್ತಿದ್ದೇ ಇಲ್ಲ.

ಭಾನುವಾರ ಬೇಕಂತಲೇ ಒಂದಷ್ಟು ಹೊತ್ತು ಬೇರೆ ಬೇರೆ ಕಳೆದೆವು. ಜೋಡಿಯಾಗಿ ಹೋದರೂ ಎಲ್ಲವನ್ನೂ ಜೋಡಿಯಾಗಿಯೇ ನೋಡಬೇಕು ಅಂತೇನಿಲ್ಲ ಅಲ್ವಾ? ನದಿ ಪಕ್ಕದಲ್ಲೇ ಕಡಲಿನ ತನಕ ಹೋಗುವ 500 ನಂಬರ್ ಬಸ್ಸು ಹತ್ತಿದೆವು. ಅವರು ಅರಾಬಿಡಾ ಸೇತುವೆಯ ಹತ್ತಿರ ಇಳಿದರು. ಎಡ್ಗರ್ ಕಾರ್ಡೋಸೊ ವಿನ್ಯಾಸದ ಆ ಕಾಂಕ್ರೀಟ್ ಕಮಾನು 270 ಮೀಟರ್. 1963ರಲ್ಲಿ ಜಗತ್ತಿನಲ್ಲೇ ಅತಿ ಉದ್ದದ ಕಾಂಕ್ರೀಟ್ ಕಮಾನು ಅದಾಗಿತ್ತು. ನಾನು ನದಿ ಕಡಲು ಸೇರುವ ಫೋಜ್ ತನಕ ಹೋಗಿ ಅಟ್ಲಾಂಟಿಕ್ ಅಲೆ ದೀಪಸ್ತಂಭದ ಕಟ್ಟೆಗೆ ಬಡಿಯೋದನ್ನು ನೋಡುತ್ತಾ ಕೂತೆ. ಎಷ್ಟು ಹೊತ್ತಿಗೆ, ಎಲ್ಲಿ ಸೇರೋದು ಅಂತ ಮೊದಲೇ ಖಚಿತವಾಗಿ ಮಾತಾಡಿಕೊಂಡಿದ್ದೆವು. ಇಬ್ಬರೂ ಫೋನ್ ನೋಡುತ್ತಾ ಕೂರಬೇಕಾಗಲಿಲ್ಲ.

ಸೇರಿದ್ದು ಕ್ರಿಸ್ಟಲ್ ಪ್ಯಾಲೇಸ್ ತೋಟದಲ್ಲಿ. 1865ರ ಗಾಜಿನ ಅರಮನೆಯನ್ನು 1951ರಲ್ಲಿ ಕೆಡವಿದರು, ತೋಟ ಉಳಿದಿದೆ. ನವಿಲುಗಳು ಜನರ ನಡುವೆ ನಿರಾಳವಾಗಿ ಓಡಾಡುತ್ತವೆ. ಪಕ್ಕದ ಬೇಕರಿಯಿಂದ ತಂದ ಬಿಸಿ ಪಾಸ್ಟೆಲ್ ದೆ ನಾಟಾಗೆ, ಅಂದರೆ ಮೊಟ್ಟೆಯ ಕಸ್ಟರ್ಡ್ ತುಂಬಿದ ಪುಟ್ಟ ಸಿಹಿ ತಿನಿಸಿಗೆ, ಚಕ್ಕೆ ಪುಡಿ ಉದುರಿಸಿಕೊಂಡು ತಿಂದೆವು. ನಾನು ಕಡಲಿನ ಸುದ್ದಿ ಹೇಳಿದೆ, ಅವರು ಸೇತುವೆಯ ಫೋಟೊಗಳನ್ನು ಒಂದೊಂದಾಗಿ ತೋರಿಸಿದರು. ವಿಮಾನ ರಾತ್ರಿಗಿತ್ತು, ಕೋಣೆಯಲ್ಲಿಟ್ಟ ಬ್ಯಾಗು ತರಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಇನ್ನೊಂದೊಂದು ನಾಟಾ ತರುತ್ತೇನೆ ಅಂತ ಅವರು ಎದ್ದರು.