ಎದೆ ಕಾಯಿಲೆಗೆ ತೊಡೆ ಕೊಯ್ದ ಕಥೆ

ಎದೆಯ ಸಿಟಿ ಸ್ಕ್ಯಾನ್ ಕ್ಲೀನ್, ಆದರೆ ರಕ್ತದ ಆಮ್ಲಜನಕ, ಅಂದರೆ ಸ್ಯಾಚುರೇಶನ್, ಬರೀ 86. ಹೋದ ಮಳೆಗಾಲದಲ್ಲಿ ಬಂದ ರೋಗಿ ಇವರು, ವಯಸ್ಸು ಅರವತ್ತು ದಾಟಿತ್ತು. ಎರಡು ತಿಂಗಳಿಂದ ಜ್ವರ, ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಆಂಜಿಯೋದಲ್ಲಿ ಕ್ಲಾಟ್ ಇಲ್ಲ, ಎಕೋ ಸರಿ ಇದೆ, ರೋಗಾಣು ಹುಡುಕುವ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಬೇರೆ ಕಡೆ ಆರು ವಾರ ಟಿಬಿ ಮಾತ್ರೆ ಸುಮ್ನೆ ನುಂಗಿಸಿದ್ದರು. ಕೋಶಗಳು ಹಾಳಾದಾಗ ರಕ್ತದಲ್ಲಿ ಏರುವ ಎಲ್‌ಡಿಎಚ್ ಮಾತ್ರ 1,500ರ ಹತ್ತಿರ, ತೀರಾ ಜಾಸ್ತಿ. ನಿದ್ದೆ ಕೆಡಿಸಿದ್ದು ಅದೇ.

ಇಂಟ್ರಾವಾಸ್ಕುಲರ್ ಲಿಂಫೋಮಾ, ಅಂದರೆ ಸಣ್ಣ ರಕ್ತನಾಳಗಳ ಒಳಗೇ ಬೆಳೆಯುವ ಕ್ಯಾನ್ಸರ್, ಇರಬಹುದು, ಚರ್ಮದ ಬಯಾಪ್ಸಿ ಮಾಡೋಣ ಅಂದೆ. "ಮೈಮೇಲೆ ಒಂದು ಗುಳ್ಳೆಯೂ ಇಲ್ಲ, ಎಲ್ಲಿ ಅಂತ ಕೊಯ್ತೀಯ?" ಅಂತ ಸರ್ಜನ್ ಗೆಳೆಯ ನಕ್ಕ. "ಸಾರ್, ತೊಂದರೆ ಇರೋದು ಎದೇಲಿ ಅಲ್ವಾ?" ಅಂತ ಮಗ.

ಅವರನ್ನು ದೂರುವ ಹಾಗಿಲ್ಲ, ಎಡವಿದ್ದು ನಾನೇ ಜಾಸ್ತಿ. ಬ್ರಾಂಕೋಸ್ಕೋಪಿಯಲ್ಲಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ) ಶ್ವಾಸಕೋಶದ ನಾಲ್ಕು ಚೂರು ತೆಗೆದೆ, ರಿಪೋರ್ಟ್ 'ವಿಶೇಷವೇನಿಲ್ಲ'. ಹನ್ನೆರಡು ಸಾವಿರ ಹೋಯಿತು. ಬೋನ್ ಮ್ಯಾರೋದಲ್ಲೂ (ಮೂಳೆಯ ಮಜ್ಜೆ) ಏನೂ ಸಿಗಲಿಲ್ಲ. ಆಮೇಲೆ ತೊಡೆಗೆ 4 ಮಿಮೀ ಪಂಚ್ (ಚರ್ಮದ ಸಣ್ಣ ತುಂಡು ಕತ್ತರಿಸುವ ಸಾಧನ) ಹಾಕಿದೆ, ಅದೂ ನೆಗೆಟಿವ್. ಸ್ಲೈಡ್ ನೋಡಿದರೆ ಕೊಬ್ಬೇ ಬಂದಿಲ್ಲ! ಈ ಕಾಯಿಲೆಯ ಕೋಶಗಳು ಹೆಚ್ಚಾಗಿ ಸಿಗೋದೇ ಚರ್ಮದ ಕೆಳಗಿನ ಕೊಬ್ಬಿನ ಸಣ್ಣ ನಾಳಗಳೊಳಗೆ.

ಸ್ಟೀರಾಯ್ಡ್ ಶುರು ಮಾಡಿಬಿಡಿ ಅಂತ ಎಲ್ಲರ ಒತ್ತಡ. ಕೊಟ್ಟರೆ ಇದ್ದ ಕ್ಯಾನ್ಸರ್ ಕೋಶಗಳೂ ಮಾಯವಾದಾವು ಅಂತ ಎರಡು ದಿನ ತಡೆಹಿಡಿದೆ. ಬ್ಲೇಡ್ ತಗೊಂಡು ಎರಡೂ ತೊಡೆ, ಹೊಟ್ಟೆ, ಮೂರು ಕಡೆ ಕೊಬ್ಬಿನ ತನಕ ಕೊಯ್ದೆ. ಕೊಬ್ಬು ಹರಿಯದ ಹಾಗೆ ತುಂಡು ಎತ್ತೋಕೆ ಒಂದು ಕೈಚಳಕ ಇದೆ, ಅದು ಬರೆದು ತಿಳಿಸುವಂಥದ್ದಲ್ಲ, ಬಂದರೆ ತೋರಿಸುತ್ತೇನೆ.

ನಾಲ್ಕನೇ ದಿನ ಪೆಥಾಲಜಿ ಮೇಡಂ ಫೋನ್: "ನಾಳದೊಳಗೆ ದೊಡ್ಡ ದೊಡ್ಡ ಕೋಶ, ಸಿಡಿ20 ಪಾಸಿಟಿವ್, ಬನ್ನಿ." ಸಿಡಿ20 ಅಂದರೆ ಇಂಥ ಲಿಂಫೋಮಾ ಕೋಶಗಳನ್ನು ಸ್ಟೇನ್ (ಬಣ್ಣ) ಹಾಕಿ ಗುರುತಿಸುವ ಗುರುತು. ಹೊಟ್ಟೆಯ ತುಂಡಿನಲ್ಲಿ ಮಾತ್ರ ಇತ್ತು. ಮೊದಲು ತೆಗೆದಿದ್ದ ಶ್ವಾಸಕೋಶದ ಚೂರುಗಳ ಬ್ಲಾಕ್‌ಗೂ (ಮೇಣದಲ್ಲಿ ಕಾಪಿಟ್ಟದ್ದು) ಅದೇ ಸ್ಟೇನ್ ಹಾಕಿಸಿದೆವು. ಕ್ಯಾಪಿಲರಿಗಳಲ್ಲಿ (ಅತಿ ಸಣ್ಣ ರಕ್ತನಾಳ) ಅದೇ ಕೋಶಗಳು ಅಲ್ಲೊಂದು ಇಲ್ಲೊಂದು ಕೂತೇ ಇದ್ದವು, ಮೊದಲ ಸಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ!

ಕೊಯ್ದದ್ದು, ಸ್ಟೇನ್ ಎಲ್ಲ ಸೇರಿ ಏಳು ಸಾವಿರ ದಾಟಲಿಲ್ಲ. ಅದಕ್ಕೂ ಮುಂಚೆ ಆ ಮನೆಯವರು ಕಳಕೊಂಡದ್ದು ಒಂದೂವರೆ ಲಕ್ಷ ಅಂತ ನೆನಪು.

ಇನ್ನೊಬ್ಬ ರೋಗಿಯಲ್ಲಿ, ವಯಸ್ಸಾದವರಿಗೆ ಮೈಮೇಲೆ ಬರುವ ಕೆಂಪು ಚುಕ್ಕೆ ಇರುತ್ತಲ್ಲ, ಚೆರ್ರಿ ಆಂಜಿಯೋಮಾ, ಅದನ್ನೂ ಒಂದು ತೆಗೆದು ನೋಡಿದೆ. ಅದರೊಳಗೂ ಇದೇ ಕೋಶಗಳು ಸಿಕ್ಕವು.

ಮೊದಲಿನವರು ಆರ್-ಚಾಪ್ ಅನ್ನೋ ಲಿಂಫೋಮಾ ಕೀಮೋದ ಮೂರನೇ ಸೈಕಲ್ ಮುಗಿಸಿ ನಡೆದೇ ಒಪಿಡಿಗೆ ಬಂದರು, ಸ್ಯಾಚುರೇಶನ್ 96. ಸರ್ಜನ್ ಗೆಳೆಯ ಮೊನ್ನೆ ಫೋನ್ ಮಾಡಿ ಎಷ್ಟು ಆಳ ಕೊಯ್ಯಬೇಕು ಅಂತ ಕೇಳಿದ.